ನೆರೆಹೊರೆಯ ಬೊಕ್ಕಸ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೆಂಕಿ ಬೀಳುವ ಮೊದಲೇ ತೋಡಿಟ್ಟ ಬಾವಿಗೆ ವಿಮೆಯೆಂದು ಹೆಸರು. ವಿಮೆಯೆಂದೊಡನೆ ಕಂಪನಿ, ಏಜೆಂಟರು, ಸಣ್ಣ ಅಕ್ಷರದ ಕಾಗದಪತ್ರಗಳು ಕಣ್ಣ ಮುಂದೆ ಬರುವುದು ಸಹಜ. ಆದರೆ ಮನೆಗಳ ವಿಮೆಯನ್ನು ಮೊದಲು ಹೂಡಿದವರಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳುತ್ತಿದ್ದ ನೆರೆಹೊರೆಯವರೇ ಮುಖ್ಯರು. ಆ ಕಥೆಯನ್ನು ಇಂದು ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರು ತಿಳಿದಿರುವುದು ಒಳ್ಳೆಯದು.

ಹದಿನಾರನೆಯ ಶತಮಾನದಲ್ಲಿ ಜರ್ಮನಿಯ ಹ್ಯಾಂಬರ್ಗ್ ರೇವುಪಟ್ಟಣವು ಬಿಯರ್ ತಯಾರಿಕೆಗೆ ಹೆಸರಾಗಿತ್ತು. ದೊಡ್ಡ ಒಲೆಗಳು ಉರಿಯುವ ಕಸುಬು, ಒತ್ತೊತ್ತಾದ ಕಟ್ಟಡಗಳು. ಹೀಗಿರಲು ಕಿಡಿಯ ಭಯ ತಪ್ಪಿದ್ದಲ್ಲ. 1591ರಲ್ಲಿ ಇಂಥ ಸುಮಾರು ನೂರು ಮನೆಗಳ ಒಡೆಯರು ಕೂಡಿ ಒಂದು ಕರಾರು ಬರೆದುಕೊಂಡರು. ಯಾರ ಮನೆ ಸುಟ್ಟರೂ ಉಳಿದವರು ತಲಾ 10 ಟಾಲರ್ ನಾಣ್ಯ ಕೊಡತಕ್ಕದ್ದು. ನೂರು ಮಂದಿಯ ಹತ್ತು ಸೇರಿದರೆ ಸಾವಿರ. ಹನಿಗೂಡಿದರೆ ಹಳ್ಳವೆಂಬ ನಮ್ಮ ಹಿರಿಯರ ಲೆಕ್ಕವೇ ಇದು.

ಆದರೆ ಚಿಕ್ಕ ಗುಂಪಿಗೆ ಒಂದು ಕೊರತೆಯುಂಟು. ಬೀದಿಗೆ ಬೀದಿಯೇ ಹೊತ್ತಿಕೊಂಡಾಗ ಕೊಡಬೇಕಾದವನೂ ಬೇಡಬೇಕಾದವನೂ ಒಬ್ಬನೇ ಆಗಿಬಿಡುತ್ತಾನೆ. 1676ರಲ್ಲಿ ಹ್ಯಾಂಬರ್ಗಿನ ಇಂಥ ಹಲವು ಕರಾರುಗಳು ಒಂದುಗೂಡಿ, ನಗರಸಭೆಯ ಆಶ್ರಯದಲ್ಲಿ ಊರಿಗೆಲ್ಲ ಒಂದೇ ಅಗ್ನಿನಿಧಿ ಏರ್ಪಟ್ಟಿತು. 1842ರ ಮೇ ತಿಂಗಳಲ್ಲಿ ಅದಕ್ಕೆ ಕಠಿಣ ಪರೀಕ್ಷೆ ಬಂದಿತು. 5ನೆಯ ತಾರೀಖು ಹತ್ತಿದ ಬೆಂಕಿ 8ರವರೆಗೆ ಉರಿದು, ಸುಮಾರು 1,700 ಮನೆಗಳನ್ನು ನುಂಗಿತು. ಸುಮಾರು 20,000 ಜನ ನಿರ್ಗತಿಕರಾದರು. ನಿಧಿಯಲ್ಲಿದ್ದ ಹಣ ಸಾಲದೆ ನಗರವು ದೊಡ್ಡ ಸಾಲವೆತ್ತಬೇಕಾಯಿತು. ಆದರೂ ನಿಧಿ ಮಾತಿಗೆ ತಪ್ಪಲಿಲ್ಲ, ಅದರ ಹೆಸರು ಇಂದಿಗೂ ಅಳಿದಿಲ್ಲ.

ಲಂಡನ್ನಿನ ಪಾಠ ಇನ್ನೂ ಕಹಿಯಾದುದು. 1666ರ ಮಹಾ ಅಗ್ನಿಯಲ್ಲಿ ಅಲ್ಲಿ 13,200 ಮನೆಗಳು ಬೂದಿಯಾದವು. ಮುಂದೆ ನಿಕೊಲಸ್ ಬಾರ್ಬನ್ ಎಂಬಾತ ಲಾಭಕ್ಕಾಗಿ ವಿಮೆಯ ಕಚೇರಿ ತೆರೆದ. ಇಟ್ಟಿಗೆಯ ಮನೆಗೆ ವಾರ್ಷಿಕ ಬಾಡಿಗೆಯ ನೂರಕ್ಕೆ ಎರಡೂವರೆ, ಮರದ ಮನೆಗೆ ಐದು ಎಂಬುದು ಅವನ ದರ. 1696ರಲ್ಲಿ ಮನೆಯೊಡೆಯರೇ ಸೇರಿ, ಸದಸ್ಯರೇ ಒಡೆಯರಾದ ಸಂಘವೊಂದನ್ನು ಕಟ್ಟಿದರು. ಒಂದು ಕೈ ಇನ್ನೊಂದನ್ನು ಹಿಡಿದ ಚಿತ್ರವೇ ಅದರ ಲಾಂಛನ. ವಿಮೆಯಾದ ಮನೆಯ ಗೋಡೆಗೆ ಆ ಬಿಲ್ಲೆಯನ್ನು ಹೊಡೆಯುತ್ತಿದ್ದರು.

ಅಮೆರಿಕದ ಫಿಲಡೆಲ್ಫಿಯದಲ್ಲಿ 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಇದೇ ಬಗೆಯ ಸಂಘವನ್ನು ಸ್ಥಾಪಿಸಿದರು. ಮನೆಯನ್ನು ಪರೀಕ್ಷಿಸದೆ ಅವರು ವಿಮೆ ಕೊಡುತ್ತಿರಲಿಲ್ಲ. ಮನೆಯ ಮುಂದೆ ಮರವಿದ್ದರೆ ಬೆಂಕಿ ಆರಿಸಲು ಅಡ್ಡಿಯೆಂದು 1781ರಲ್ಲಿ ಅಂಥ ಮನೆಗಳನ್ನೇ ದೂರವಿಟ್ಟರು. ನೆರಳನ್ನು ಬಿಡಲೊಲ್ಲದವರು 1784ರಲ್ಲಿ ಬೇರೊಂದು ಸಂಘ ಕಟ್ಟಿ, ಹಸಿರು ಮರವನ್ನೇ ಲಾಂಛನ ಮಾಡಿಕೊಂಡರು! ಕೂಡಿ ಬಾಳುವಲ್ಲಿ ನಿಯಮವೂ ಉಂಟು, ಜಗಳವೂ ಉಂಟು.

ಅಂದು ಮನೆಗಳು ಬೇರೆ ಬೇರೆಯಾಗಿದ್ದು ಅಪಾಯ ಮಾತ್ರ ಒಂದಾಗಿತ್ತು. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಸೂರೇ ಇನ್ನೊಬ್ಬರ ನೆಲ. ಅಡಿಪಾಯ, ಮೆಟ್ಟಿಲು, ತಾರಸಿ, ಲಿಫ್ಟು ಎಲ್ಲರವು. ಮೇಲಿನವನೊಬ್ಬನೇ ವಿಮೆ ಮಾಡಿಸಿ, ಕೆಳಗಿನವರು ಸುಮ್ಮನಿದ್ದರೆ, ಆತ ಆ ಹಣದಿಂದ ಗಾಳಿಯಲ್ಲಿ ಮನೆ ಕಟ್ಟಲಾದೀತೆ?

ಈ ತೊಡಕನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಗುರುತಿಸಿದೆ. ಅದಕ್ಕೆ ಒಳಪಟ್ಟ ಕಟ್ಟಡಗಳಲ್ಲಿ, ಉಪನಿಯಮಗಳೋ ಬಹುಮತದ ಒಡೆಯರೋ ಬಯಸಿದರೆ, ವ್ಯವಸ್ಥಾಪಕರು ಎಲ್ಲರ ಧರ್ಮದರ್ಶಿಯಾಗಿ ಇಡೀ ಆಸ್ತಿಗೆ ವಿಮೆ ಮಾಡಿಸಬೇಕು. ಕಂತು ಸಾಮಾನ್ಯ ಖರ್ಚಿಗೆ ಸೇರುತ್ತದೆ. ತನ್ನ ಮನೆಗೆ ಬೇರೆ ವಿಮೆ ಮಾಡಿಸುವ ಹಕ್ಕು ಯಾರಿಗೂ ತಪ್ಪದು. ಕಟ್ಟಡ ಹಾಳಾದ 60 ದಿನಗಳೊಳಗೆ ದುರಸ್ತಿಯ ತೀರ್ಮಾನವಾಗದಿದ್ದರೆ ಆಸ್ತಿಯೆಲ್ಲ ಜಂಟಿಯೆನಿಸಿ, ಅದು ವಿಭಾಗಕ್ಕೆ ಹೋಗಬಹುದು. ಆಗ ಮಾರಿದ ಹಣ, ವಿಮೆಯ ಹಣ ಎರಡೂ ಒಂದೇ ನಿಧಿ. ವಿಮೆ ಕಡಿಮೆಯಿದ್ದರೆ ಎಲ್ಲರ ಪಾಲೂ ಕಡಿಮೆ.

2021ರ ಏಪ್ರಿಲ್ 1ರಿಂದ ದೇಶದಲ್ಲಿ ಬಂದಿರುವ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯಲ್ಲಿ ಬೆಂಕಿಯ ಜೊತೆಗೆ ಭೂಕಂಪ, ಪ್ರವಾಹಗಳೂ ಸೇರಿವೆ. ಇಲ್ಲಿ ಲೆಕ್ಕಕ್ಕೆ ಬರುವುದು ಮತ್ತೆ ಕಟ್ಟುವ ಖರ್ಚು; ನಿವೇಶನದ ಬೆಲೆಯಲ್ಲ, ಏಕೆಂದರೆ ನೆಲ ಸುಡುವುದಿಲ್ಲ.

ಆದುದರಿಂದ ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಬಣ್ಣ ಬಳಿಸುವ ಚರ್ಚೆ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿರಿ: ಕಟ್ಟಡವನ್ನು ಇಂದು ಪುನಃ ಕಟ್ಟಲು ಎಷ್ಟು ಬೇಕು? ವಿಮೆಯ ಮೊತ್ತ ಅಷ್ಟಿದೆಯೆ? ಲಿಫ್ಟು, ಪಂಪು, ಕಾಂಪೌಂಡು ಗೋಡೆ ಅದರಲ್ಲಿ ಸೇರಿವೆಯೆ? ಹ್ಯಾಂಬರ್ಗಿನ ಆ ನೂರು ಮಂದಿ ತಮ್ಮ ಹತ್ತು ನಾಣ್ಯದ ಮಾತನ್ನು ಆಡಿಕೊಂಡದ್ದು ಒಲೆಗಳು ಇನ್ನೂ ಹದವಾಗಿ ಉರಿಯುತ್ತಿದ್ದಾಗಲೇ.