ಮನೆ, ಹಿತ್ತಲು ಪಾಲು ಮಾಡುವ ಮುನ್ನ: ಚಿಪ್ಪಗಿರಿ ಭಾಗದ ಸದಸ್ಯರಿಗೆ ಮಾಹಿತಿ

ಮಗನ ಮದುವೆಯಾದ ಮೇಲೆ ಹಿತ್ತಲಲ್ಲಿ ಎರಡು ಕೋಣೆ ಹಾಕುವುದು, ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆಯ ನಡುವೆ ಗೋಡೆ ಎಬ್ಬಿಸುವುದು ನಮ್ಮ ಊರುಗಳಲ್ಲಿ ಹೊಸದಲ್ಲ. ಆದರೆ ಗೋಡೆ ಎಬ್ಬಿಸಿದ ಮಾತ್ರಕ್ಕೆ ಆಸ್ತಿ ಭಾಗವಾಗುವುದಿಲ್ಲ. ಸದಸ್ಯರಿಗೆ ನಾವು ಹೇಳುವುದು ಇಷ್ಟೇ: ಮೊದಲು ಪತ್ರ, ಆಮೇಲೆ ಪಾಯ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆಲೂರು ತಾಲೂಕಿನ ಜೊತೆಗೆ ಚಿಪ್ಪಗಿರಿಯೂ ಹೋಯಿತು. ಹೀಗಾಗಿ ಎಷ್ಟೋ ಮನೆತನಗಳ ಹೊಲಮನೆ ಗಡಿಯ ಎರಡೂ ಕಡೆ ಇದೆ, ಕಚೇರಿಯ ಮಾತು ಮಾತ್ರ ಬೇರೆ ಬೇರೆ. ಬಳ್ಳಾರಿ, ಸಿರುಗುಪ್ಪ ಕಡೆ ಗ್ರಾಮಠಾಣಾ ಎನ್ನುವುದನ್ನು ಇಲ್ಲಿ ಗ್ರಾಮಕಂಠಂ ಎನ್ನುತ್ತಾರೆ. ಅಲ್ಲಿ ಮನೆ ಜಾಗಕ್ಕೆ ಇ-ಸ್ವತ್ತಿನ ನಮೂನೆ 9 ಕೇಳಿದರೆ ಇಲ್ಲಿ ಆ ಕಾಗದವೇ ಇಲ್ಲ. ಗ್ರಾಮಕಂಠದ ಹಳೆ ಮನೆಗಳಿಗೆ ಮನೆ ಕಂದಾಯದ ರಸೀದಿ, ಹಳೆಯ ಕ್ರಯಪತ್ರ, ಬಹುಕಾಲದ ಸ್ವಾಧೀನ ಇವುಗಳೇ ಆಧಾರ. ಒಂದು ಎಚ್ಚರಿಕೆ: ಕಂದಾಯದ ರಸೀದಿಯಲ್ಲಿ ದೊಡ್ಡಣ್ಣನ ಹೆಸರಿದ್ದರೆ ಮನೆ ಪೂರ್ತಿ ಅವನದಾಗುವುದಿಲ್ಲ. ರಸೀದಿ ಕಂದಾಯ ಕಟ್ಟಿದ್ದಕ್ಕೆ ಸಾಕ್ಷಿ, ಒಡೆತನಕ್ಕಲ್ಲ.

ಪಾಲುದಾರರು ಯಾರು ಎಂಬಲ್ಲೇ ಹೆಚ್ಚು ಜಗಳ ಹುಟ್ಟುವುದು. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಆಂಧ್ರಪ್ರದೇಶ 1985ರ ಸೆಪ್ಟೆಂಬರ್ 5ರಿಂದಲೇ ಸಮಪಾಲು ಕೊಟ್ಟಿತು. ಕರ್ನಾಟಕದಲ್ಲಿ ಇದು ಬಂದದ್ದು 1994ರಲ್ಲಿ. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆದುಹಾಕಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾಗಿಯೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗಗಳು ಮಾತ್ರ ಹಾಗೇ ಉಳಿಯುತ್ತವೆ. ಮನೆ ತಂದೆಯ ಸ್ವಂತ ದುಡಿಮೆಯದಾಗಿದ್ದು ಉಯಿಲು ಬರೆಯದೆ ಹೋಗಿದ್ದರೆ, ಅವರ ಪಾಲಿನಲ್ಲಿ ತಾಯಿಗೂ ಮಕ್ಕಳಷ್ಟೇ ಭಾಗವಿದೆ. ತವರಿಗೆ ಬಂದ ಅಕ್ಕನಿಂದ ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ನಿಂತಿಲ್ಲ. ಅಂಥ ಸಹಿಯಿಂದ ಹಕ್ಕು ಬಿಟ್ಟಂತಾಗುವುದಿಲ್ಲ. ಮನಃಪೂರ್ವಕವಾಗಿ ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಬೇಕು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ವಾರಸಿನ ಕಾನೂನು ಬೇರೆ.

ವಿಭಾಗ ಪತ್ರವನ್ನು ಬರೆದು ಸಹಿಯಾದ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಪ್ಪಿಸಬೇಕು. ಪತ್ರದಲ್ಲಿ ಚಕ್ಕುಬಂದಿ, ಅಳತೆ, ನಕ್ಷೆ ಇರಲಿ. ಹಿಂದಿನ ಪಾಲಿನವರಿಗೆ ಬೀದಿಗೆ ಬರಲು ದಾರಿ ಎಷ್ಟು ಅಡಿ, ಬಾವಿ ಅಥವಾ ಬೋರು ಯಾರದು, ಮಾಳಿಗೆಯ ಮಳೆನೀರು ಯಾವ ಕಡೆ ಬೀಳಬೇಕು, ನಡುಗೋಡೆ ಯಾರದು ಎಂದೂ ಬರೆಸಿ. 1882ರ ಈಸ್‌ಮೆಂಟ್ ಕಾಯ್ದೆ ಪಾಲಾದ ಜಾಗಕ್ಕೆ ಅನಿವಾರ್ಯ ದಾರಿಯ ಹಕ್ಕು ಕೊಡುತ್ತದೆ, ನಿಜ. ಆದರೆ ಆ ಹಕ್ಕಿಗಾಗಿ ಕೋರ್ಟು ಅಲೆಯುವುದಕ್ಕಿಂತ ಪತ್ರದಲ್ಲಿ ಒಂದು ಸಾಲು ಬರೆಸುವುದು ಸುಲಭ.

ಅಜ್ಜನ ಕಾಲದ ಪತ್ರ ಕನ್ನಡದಲ್ಲಿದ್ದರೆ ಬಿಸಾಡಬೇಡಿ. ಭಾಷೆ ಬದಲಾಯಿತೆಂದು ಅದರ ಬೆಲೆ ಹೋಗುವುದಿಲ್ಲ. ಹೊಸ ಪತ್ರವನ್ನು ಕನ್ನಡದಲ್ಲೇ ಬರೆಸುವ ಆಸೆಯಿದ್ದರೆ, ನೋಂದಣಿ ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಸದ ಭಾಷೆಯ ಪತ್ರಕ್ಕೆ ನಿಜಪ್ರತಿ ಅನುವಾದ ಲಗತ್ತಿಸಬೇಕೆಂಬ ನಿಯಮವಿದೆ. ತೆಲುಗಿನಲ್ಲಿ ಬರೆಸಿದರೆ ಸಹಿಗೆ ಮೊದಲು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿಸಿ. ಕರ್ನಾಟಕದಲ್ಲೂ ಆಸ್ತಿಯಿದ್ದರೆ ಛಾಪಾ ಶುಲ್ಕ ಎರಡು ರಾಜ್ಯಕ್ಕೂ ಬೇರೆಯಾದ್ದರಿಂದ ಮೊದಲೇ ವಕೀಲರನ್ನು ಕೇಳುವುದು ಒಳಿತು.

ನೋಂದಣಿಯಾದ ಮೇಲೆ ಪಂಚಾಯಿತಿಯಲ್ಲಿ ಹೆಸರು ಬದಲಾವಣೆ, ಪ್ರತ್ಯೇಕ ಮನೆ ನಂಬರು. ಆಮೇಲೆ ಹಿತ್ತಲ ಮನೆಯ ಮಾತು. ಹೊಸ ಕಟ್ಟಡಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಪಂಚಾಯಿತಿಗಳಿಗೆ 2002ರ ಲೇಔಟ್ ಮತ್ತು ಕಟ್ಟಡ ನಿಯಮಗಳಿವೆ. ಆದೋನಿಯಂಥ ಪುರಸಭೆ ಊರಿನಲ್ಲಿ 2017ರ ಕಟ್ಟಡ ನಿಯಮಗಳು ನಡೆಯುತ್ತವೆ. ಅಣ್ಣ ಒಪ್ಪಿದ್ದಾನೆಂದು ಸುತ್ತ ಬಿಡಬೇಕಾದ ಜಾಗ ಕಡಿಮೆಯಾಗುವುದಿಲ್ಲ. ಹಿತ್ತಲು ಗ್ರಾಮಕಂಠದಲ್ಲಿದೆಯೋ ಹೊಲದ ಸರ್ವೆ ನಂಬರಿನಲ್ಲಿದೆಯೋ ಮೊದಲು ನೋಡಿಸಿ. ಹೊಲದ ನಂಬರಾಗಿದ್ದರೆ ಕೃಷಿ ಭೂಮಿಯ ನಿಯಮ ಅಡ್ಡ ಬರುತ್ತದೆ.

ಭಾಗ ಮಾಡಲಾಗದಷ್ಟು ಚಿಕ್ಕ ಮನೆಯೂ ಇರುತ್ತದೆ. ಹತ್ತು ಅಡಿ ಅಗಲದ ಮನೆಯನ್ನು ಮೂರು ಪಾಲು ಮಾಡಿದರೆ ಯಾರೂ ಮಂಚ ಹಾಕಲಾಗದು. ಒಬ್ಬರು ಇಟ್ಟುಕೊಂಡು ಉಳಿದವರಿಗೆ ಹಣ ಕೊಡುವುದೇ ಅಲ್ಲಿ ಸರಿ. ಒಪ್ಪಂದವಾಗದೆ ಕೋರ್ಟಿಗೆ ಹೋದರೆ 1893ರ ವಿಭಾಗ ಕಾಯ್ದೆಯಂತೆ ಮಾರಿ ಹಣ ಹಂಚುವ ಆದೇಶವೂ ಬರಬಹುದು. ಅದೇ ಕಾಯ್ದೆಯ 4ನೇ ಕಲಂ ನೆನಪಿರಲಿ: ಅವಿಭಕ್ತ ಮನೆಯ ಒಂದು ಪಾಲನ್ನು ಹೊರಗಿನವರು ಕೊಂಡು ವಿಭಾಗಕ್ಕೆ ದಾವೆ ಹೂಡಿದರೆ, ಆ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳುತ್ತೇವೆಂದು ಮನೆಯ ಪಾಲುದಾರರು ಕೇಳಬಹುದು.