ಗರ್ಭಕೊರಳಿನ ಕ್ಯಾನ್ಸರ್: ನರ್ಸಿಂಗ್ ವಿದ್ಯಾರ್ಥಿನಿಯರ ಅರಿವು, ಅಳುಕು

ಬಾಗಲಕೋಟೆ: ಭಾರತೀಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅತಿ ಹೆಚ್ಚು ಕಂಡುಬರುವುದು ಗರ್ಭಕೊರಳಿನ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ದೇಶದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು. ಸುಮಾರು 80 ಸಾವಿರ ಮಹಿಳೆಯರು ಮೃತಪಟ್ಟರು.

ಹ್ಯೂಮನ್ ಪ್ಯಾಪಿಲೋಮಾ ವೈರಸ್ ಇದಕ್ಕೆ ಮೂಲ. ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕಾಗುವುದರಿಂದ ಮೊದಲೇ ಪತ್ತೆಹಚ್ಚಲು ಅವಕಾಶವಿದೆ. ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲ ಲೇಪಿಸಿ, ಬೆಳ್ಳಗಾಗುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವ ‘ವಿಐಎ’ ಪರೀಕ್ಷೆಗೆ ಪ್ರಯೋಗಾಲಯ ಬೇಡ. ತರಬೇತಿ ಪಡೆದ ನರ್ಸ್ ಕೂಡ ಮಾಡಬಹುದು. 2016ರ ಕೇಂದ್ರ ಮಾರ್ಗಸೂಚಿಯು 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಸೂಚಿಸಿದೆ.

ಬಾದಾಮಿ, ಹುನಗುಂದದ ಹಳ್ಳಿಗಳಲ್ಲಾಗಲಿ, ಇಳಕಲ್‌ನ ನೇಕಾರರ ಓಣಿಗಳಲ್ಲಾಗಲಿ, ದುರ್ವಾಸನೆಯ ಬಿಳಿಸೆರಗು, ಸಂಭೋಗಾನಂತರದ ರಕ್ತಸ್ರಾವವನ್ನು ಪುರುಷ ವೈದ್ಯರೆದುರು ಹೇಳುವುದು ಸುಲಭವಲ್ಲ. ನರ್ಸ್‌ ಎದುರು ಹೇಳಬಹುದು. ಆದ್ದರಿಂದಲೇ ಜಿಲ್ಲೆಯ ನರ್ಸಿಂಗ್ ವಿದ್ಯಾರ್ಥಿನಿಯರ ಧೋರಣೆ ಮುಖ್ಯ. ವೈರಸ್ಸಿನ ಹೆಸರು ಬರೆದು ಅಂಕ ಗಳಿಸಬಹುದು. ಮನೆಯಲ್ಲಿ ತಾಯಿಯನ್ನು ತಪಾಸಣೆಗೆ ಒಪ್ಪಿಸುವುದು ಬೇರೆಯೇ ಮಾತು.

ಅವಿವಾಹಿತೆಗೆ ಲಸಿಕೆ ಏಕೆಂಬ ಸಂಕೋಚಕ್ಕೂ ಆಧಾರವಿಲ್ಲ. ಸೋಂಕಿಗೆ ಮುನ್ನ, 9ರಿಂದ 14ರ ವಯಸ್ಸಿನಲ್ಲಿ ಪಡೆದರೆ ಅದು ಹೆಚ್ಚು ಫಲಕಾರಿ. 2022ರಲ್ಲಿ ಅನುಮತಿ ಪಡೆದ ದೇಶೀಯ ಲಸಿಕೆ ‘ಸರ್ವಾವ್ಯಾಕ್’ ಅನ್ನು 26 ವರ್ಷದವರೆಗೂ ಪಡೆಯಬಹುದು. ಅದು ವೈರಸ್ಸಿನ ಎಲ್ಲ ಬಗೆಗಳನ್ನು ತಡೆಯದ ಕಾರಣ, 30 ತುಂಬಿದ ಬಳಿಕ ತಪಾಸಣೆ ತಪ್ಪದು.