ಗಾಡಿ ಚರಿತ್ರೆ, ಭಾಗ 6: ರೂಲ್ಸ್ ಬಂದ್ರೆ ಸ್ಪೀಡ್ ಸಾಯುತ್ತಾ?

ಮೊನ್ನೆ ಕ್ಯಾಂಟೀನಲ್ಲಿ ಒಬ್ಬ ಫ್ರೆಂಡ್ ಅಂದ: "ಮಗಾ, ಬಿಎಸ್ 6 ಬಂದ್ಮೇಲೆ ಗಾಡಿ ಓಡ್ಸೋ ಮಜಾನೇ ಹೋಯ್ತು." ಅಲ್ಲಿ ನಾನು ಸುಮ್ನಿದ್ದೆ. ಮನೆಗೆ ಬಂದ್ಮೇಲೆ ಅಮೆರಿಕದ ಎರಡು ಪಿಕಪ್‌ಗಳು ನೆನಪಾದ್ವು. ಅವನಿಗೆ ಉತ್ತರ ಈ ಪೋಸ್ಟ್.

👉 ಮೊದಲನೇದು: ಡಾಡ್ಜ್ ಲಿಲ್ ರೆಡ್ ಎಕ್ಸ್‌ಪ್ರೆಸ್, 1978

1970ರ ದಶಕದಲ್ಲಿ ಅಮೆರಿಕದ ಹೊಗೆ ನಿಯಮಗಳು ಬಿಗಿಯಾದವು. 1975ರಿಂದ ಹೆಚ್ಚಿನ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ವಿಷದ ಹೊಗೆ ಕಡಿಮೆ ಆಯ್ತು, ಜೊತೆಗೆ ದೊಡ್ಡ ವಿ8 ಎಂಜಿನ್‌ಗಳ ಪವರ್ ಕೂಡ ಕುಸಿದಿತ್ತು. 1978ರ ಸಾಮಾನ್ಯ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೇ ಬರೀ 185 ಹಾರ್ಸ್‌ಪವರ್!

ಆದ್ರೆ ನಿಯಮದಲ್ಲಿ ಒಂದು ಸಂದು ಇತ್ತು. ಲೋಡ್ ಸೇರಿ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದ ಟ್ರಕ್‌ಗೆ ಕನ್ವರ್ಟರ್ ಬೇಕಿರಲಿಲ್ಲ. ಡಾಡ್ಜ್ ಅದೇ ಸಂದಿನಲ್ಲಿ ನುಗ್ಗಿತು. ಪೊಲೀಸ್ ಕಾರುಗಳ 5.9 ಲೀಟರ್ ವಿ8 ಆಧಾರದ ಎಂಜಿನ್, 225 ಹಾರ್ಸ್‌ಪವರ್. ಕೆಂಪು ಬಣ್ಣ, ಓಕ್ ಮರದ ಪಟ್ಟಿ, ಕ್ಯಾಬಿನ್ ಹಿಂದೆ ಲಾರಿ ಥರ ನೆಟ್ಟಗೆ ನಿಂತ ಎರಡು ಸೈಲೆನ್ಸರ್ ಪೈಪ್. ಮಾರಾಟಕ್ಕೆ ಮುಂಚಿನ ಒಂದು ಟ್ರಕ್ಕನ್ನ 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಓಡಿಸಿ ನೋಡಿದಾಗ, ಗಂಟೆಗೆ 100 ಮೈಲಿ ಮುಟ್ಟೋದ್ರಲ್ಲಿ ಅಮೆರಿಕದ ಕಾರುಗಳನ್ನೂ ಹಿಂದೆ ಹಾಕಿತ್ತು.

1978ರಲ್ಲಿ ತಯಾರಾಗಿದ್ದು 2,188. ಮರುವರ್ಷ ಸಂದು ಮುಚ್ಚಿತು, ಕನ್ವರ್ಟರ್ ಬಂತು. ಆ ವರ್ಷ 5,118 ತಯಾರಾದ್ವು, ಅಲ್ಲಿಗೆ ಕಥೆ ಮುಗೀತು.

👉 ಎರಡನೇದು: ಜಿಎಂಸಿ ಸೈಕ್ಲೋನ್, 1991

ಇದಕ್ಕೆ ಯಾವ ಸಂದೂ ಇರಲಿಲ್ಲ. ಕನ್ವರ್ಟರ್ ಹಾಕ್ಕೊಂಡೇ ಬಂತು. ಎಂಜಿನ್ ಕೂಡ ಚಿಕ್ಕದು: 4.3 ಲೀಟರ್, ಆರೇ ಸಿಲಿಂಡರ್. ಆದ್ರೆ ಕಾರ್ಬುರೇಟರ್ ಜಾಗದಲ್ಲಿ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್, ಮೇಲೆ ಟರ್ಬೋ, ಪವರ್ ನಾಲ್ಕೂ ಚಕ್ರಕ್ಕೆ. 280 ಹಾರ್ಸ್‌ಪವರ್. ಅದೇ ವರ್ಷ ಅದೇ ಪತ್ರಿಕೆ ಇದನ್ನ ಫೆರಾರಿ 348 ಪಕ್ಕ ನಿಲ್ಲಿಸಿತು. ಕಾಲು ಮೈಲಿ ಓಟ. ಸೈಕ್ಲೋನ್ 14.1 ಸೆಕೆಂಡ್, ಫೆರಾರಿ 14.5!

ನಿಜ, ದಾರಿ ಇನ್ನೂ ಉದ್ದ ಇದ್ದಿದ್ರೆ ಫೆರಾರಿ ಮುಂದೆ ಹೋಗ್ತಿತ್ತು. ಇನ್ನೊಂದು ಕೊರತೆನೂ ಇದೆ. ಸೈಕ್ಲೋನ್ ಹೊರೋದು 500 ಪೌಂಡ್ ಮಾತ್ರ, ಅಂದ್ರೆ 50 ಕೆಜಿಯ ನಾಲ್ಕೂವರೆ ಅಕ್ಕಿ ಮೂಟೆ. ಡ್ರೈವರ್ ಕೂತ್ರೆ ಅದ್ರಲ್ಲೂ ಕಡಿಮೆ! ಕೆಲಸದ ಗಾಡಿ ಅಂತ ನೋಡಿದ್ರೆ ಡಾಡ್ಜ್‌ದೇ ಮೇಲುಗೈ. 1991ರಲ್ಲಿ ತಯಾರಾದ ಸೈಕ್ಲೋನ್ 2,995.

👉 ಹಾಗಾದ್ರೆ ಯಾವುದು ದೊಡ್ಡದು?

ಸಂಗ್ರಹ ಮಾಡೋರಿಗೆ ಎರಡೂ ಪ್ರಿಯ. ತಯಾರಾಗಿದ್ದೇ ಕಡಿಮೆ, ಬೇಕು ಅನ್ನೋರು ಜಾಸ್ತಿ. ನಮ್ಮ ಮೊದಲ ಸೆಮಿಸ್ಟರ್ ಪಾಠ ಅಷ್ಟೇ. ನೋಡೋಕೆ ನನಗೂ ಲಿಲ್ ರೆಡ್ಡೇ ಇಷ್ಟ. ಆದ್ರೆ ಅದರ ಸ್ಪೀಡ್ ನಿಂತಿದ್ದು ನಿಯಮದಲ್ಲಿದ್ದ ತೂತಿನ ಮೇಲೆ. ಆ ಹೊಗೆ ಕುಡಿದೋರು ರಸ್ತೆಯಲ್ಲಿದ್ದ ಬೇರೆಯವರು. ಸೈಕ್ಲೋನ್ ನಿಯಮ ಪಾಲಿಸಿಯೇ ಗೆದ್ದಿತು, ಹದಿಮೂರು ವರ್ಷ ತಡವಾಗಿ.

ಅಂದ್ರೆ ರೂಲ್ಸ್ ಸ್ಪೀಡನ್ನ ಸಾಯಿಸಲಿಲ್ಲ ಮಗಾ. ಎಂಜಿನಿಯರ್‌ಗಳಿಗೆ ಸ್ವಲ್ಪ ಟೈಮ್ ಬೇಕಾಯ್ತು ಅಷ್ಟೇ.

ನಿಮ್ಮ ವೋಟ್ ಕೆಂಪಿಗಾ, ಕಪ್ಪಿಗಾ? ಕಾಮೆಂಟಲ್ಲಿ ಹೇಳಿ. ಆ ಕ್ಯಾಂಟೀನ್ ಫ್ರೆಂಡ್‌ನ ಟ್ಯಾಗ್ ಮಾಡಿದೀನಿ 😄

#ಗಾಡಿಚರಿತ್ರೆ #ಪಿಕಪ್ #ಲಿಲ್‌ರೆಡ್ #ಸೈಕ್ಲೋನ್